ಕಪ್ಪೆ ಇದ್ದರೆ ನೀರು ಶುದ್ಧ

ಮದುವೆಯಾಗಿ ಬಂದ ಮರುದಿನವೇ ನಾನು ಗಂಡನನ್ನು ಬೇಡ ಅಂದೆ ಎಂದು ನಮ್ಮ ಓಣಿಯಲ್ಲಿ ಇವತ್ತಿಗೂ ಒಂದು ಸುದ್ದಿ ಇದೆ. ನಾನು ಅಂದದ್ದು ಗಂಡನಿಗಲ್ಲ, ಕಪ್ಪೆಗೆ. ಅದಕ್ಕೂ ಬೇಡ ಅಂದಿರಲಿಲ್ಲ.

ನನ್ನ ತವರು ನಿಪ್ಪಾಣಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಜಗಳಕ್ಕೆ ಎರಡೂ. ಕೊಟ್ಟದ್ದು ರಾಯಬಾಗ ತಾಲೂಕಿಗೆ, ಹಾರೂಗೇರಿಯ ಹತ್ತಿರದ ಒಂದು ಹಳ್ಳಿಗೆ. ಜೈನರ ಒಕ್ಕಲುತನದ ಮನೆ. ಹಿತ್ತಿಲು ದಾಟಿದರೆ ಬಾವಿ, ಬಾವಿ ದಾಟಿದರೆ ಕಬ್ಬು, ಆಮೇಲೆ ಕಣ್ಣು ಹರಿದಷ್ಟೂ ಕಬ್ಬೇ. ಆ ಮರುದಿನ ಬೆಳಿಗ್ಗೆ ಅತ್ತೆಯ ಹಿಂದೆ ಬಾವಿಗೆ ಹೋದೆ. ಅವರು ನೀರು ಸೇದಿ, ಎರಡು ಮಡಿಕೆ ಮಾಡಿದ ದಪ್ಪ ಬಟ್ಟೆಯಲ್ಲಿ ಸೋಸಿ, ಬಟ್ಟೆಯನ್ನು ನನ್ನ ಕೈಗೆ ಕೊಟ್ಟರು. ನೋಡುತ್ತೇನೆ, ನಡುವೆ ಒಂದು ಗೊದಮೊಟ್ಟೆ ಬಾಲ ಬಡಿಯುತ್ತಿದೆ. ಅದರ ಪಕ್ಕದಲ್ಲಿ ಹೆಬ್ಬೆರಳಿನಷ್ಟು ಒಂದು ಕಪ್ಪೆಮರಿ ನನ್ನನ್ನೇ ದಿಟ್ಟಿಸುತ್ತಿದೆ. "ಬೇಡೂಕ! ಬೇಡೂಕ!" ಎಂದು ಕಿರುಚಿಬಿಟ್ಟೆ. ಮರಾಠಿಯಲ್ಲಿ ಕಪ್ಪೆಗೆ ಬೇಡೂಕ ಅನ್ನುತ್ತಾರೆ. ಹೆದರಿದಾಗ ನನ್ನ ಬಾಯಿಂದ ಬರುವುದು ಮರಾಠಿಯೇ.

ಅತ್ತೆಯ ಕಿವಿಗೆ ಅದರ ಮೊದಲ ಅರ್ಧ ಮಾತ್ರ ಬಿತ್ತು.

"ಏನ ಬ್ಯಾಡ? ನೀರ ಬ್ಯಾಡೋ, ಮನಿ ಬ್ಯಾಡೋ?" ಅಂದರು. ನನ್ನ ಉತ್ತರಕ್ಕೂ ಕಾಯಲಿಲ್ಲ. ಒಳಗಿದ್ದ ಮಗನಿಗೆ ಕೇಳುವಂತೆ, ಅಂದರೆ ಇಡೀ ಓಣಿಗೆ ಕೇಳುವಂತೆ, "ಏ, ಲಗು ಬಾರೋ! ನಿನ್ನ ಹೇಣ್ತಿ ಬ್ಯಾಡ ಅನ್ನಾಕತ್ತಾಳ!" ಎಂದು ಕೂಗಿದರು. ನಮ್ಮವರು ಬಾಯಲ್ಲಿ ಬ್ರಶ್ಶು ಇಟ್ಟುಕೊಂಡೇ, ಗದ್ದದ ಮೇಲೆ ನೊರೆ ಇಳಿಸಿಕೊಂಡು ಓಡಿ ಬಂದರು. ಆ ಅವತಾರ ನೋಡಿ ನನಗೆ ಒಂದು ಗಳಿಗೆ ನಿಜಕ್ಕೂ ಬೇಡ ಅನ್ನಿಸಿದ್ದು ಸುಳ್ಳಲ್ಲ.

ಅವತ್ತು ಅತ್ತೆ ನನಗೆ ಕಲಿಸಿದ ಮೊದಲ ಪಾಠ ಜೀವಾಣಿಯದು. ನೀರು ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿಯುವ ಜೀವಗಳನ್ನು ಕೊಡವಿ ಎಸೆಯುವಂತಿಲ್ಲ. ಬಟ್ಟೆಯನ್ನು ಮಗುಚಿ, ಸೋಸಿದ ನೀರಿನಿಂದಲೇ ತೊಳೆದು, ಆ ನೀರನ್ನು ಮತ್ತೆ ಬಾವಿಗೇ ಬಿಡಬೇಕು. ಅದೂ ಮೇಲಿನಿಂದ ಸುರಿಯುವಂತಿಲ್ಲ, ಜೀವಗಳಿಗೆ ಪೆಟ್ಟಾಗುತ್ತದೆ. ಅದಕ್ಕೆಂದೇ ತಳದಲ್ಲಿ ಒಂದು ಬಳೆ ಹಾಕಿಸಿದ ಬಕೀಟು ಇತ್ತು. ಅದು ಕೆಳಗಿಳಿದು ನೀರು ಮುಟ್ಟಿದ ಮೇಲೆಯೇ, ಬಳೆಗೆ ಕಟ್ಟಿದ ಹಗ್ಗ ಎಳೆದರೆ, ಮಗುಚಿಕೊಳ್ಳುತ್ತಿತ್ತು. "ಯಾವ ನೀರಾಗಿನ ಜೀವ ಆ ನೀರಿಗೇ ಹೋಗಬೇಕು. ಬ್ಯಾರೆ ಬಾವಿಗೆ ಬಿಟ್ರ ಸೈತ ತಪ್ಪ" ಎಂದರು. ನನಗೆ ಕಣ್ಣು ತುಂಬಿ ಬಂತು. ನಿಪ್ಪಾಣಿಯಿಂದ ಎತ್ತಿ ಈ ಬಾವಿಗೆ ಬಿಟ್ಟ ನನ್ನ ಗತಿ ಏನು ಅಂತ ಕೇಳಬೇಕೆಂದಿದ್ದೆ. ಎರಡನೆಯ ದಿನವೇ ಬಾಯಿ ಮಾಡುವುದು ಬೇಡವೆಂದು ಸುಮ್ಮನಾದೆ.

ಅತ್ತೆಗೆ ಒಂದು ನಿಯಮವಿತ್ತು. ಮಹಾರಾಜರೊಬ್ಬರ, ಅಂದರೆ ಜೈನ ಮುನಿಗಳೊಬ್ಬರ, ಮುಂದೆ ಕೈ ಮುಗಿದು ತೆಗೆದುಕೊಂಡದ್ದು. ಬಾವಿಯ ನೀರನ್ನು ಸೋಸಿಯೇ ಕುಡಿಯಬೇಕು. ನಳದ್ದು, ಬೋರಿನದ್ದು ನಾಲಿಗೆಗೆ ತಾಗಿಸುವಂತಿಲ್ಲ. ಕೊಳವೆಯಲ್ಲಿ ಬಂದ ನೀರಿನ ಜೀವಾಣಿಯನ್ನು ವಾಪಸು ಎಲ್ಲಿಗೆ ಬಿಡುವುದು? ಒಂದೇ ಅಡುಗೆಮನೆಯಲ್ಲಿ ಎರಡು ನೀರಿನ ಹರವಿ ಇಡುವುದು ಅವರಿಗೆ ಸೇರುತ್ತಿರಲಿಲ್ಲ. ಹಾಗಾಗಿ ನಿಯಮ ಅವರದ್ದು, ಬಾವಿಯ ನೀರು ಎಲ್ಲರಿಗೂ.

ಮೊದಮೊದಲು ನಾನು ಅಸಹ್ಯಪಟ್ಟುಕೊಂಡದ್ದು ಹೌದು. ಕಪ್ಪೆ ಈಜಾಡಿದ ನೀರು ಕುಡಿಯುತ್ತೀ ಎಂದು ತವರಿನವರು ಮೂಗು ಮುಚ್ಚಿಕೊಂಡರು. ಅತ್ತೆಯ ಲೆಕ್ಕವೇ ತಿರುಗಾಮುರುಗಾ. "ಕಪ್ಪಿ ಐತಿ ಅಂದ್ರ ನೀರ ಚಲೋ ಐತಿ. ಅದರ ತ್ವಗಲ ನಮ್ಮಂಗ ದಪ್ಪ ಅಲ್ಲ" ಎನ್ನುತ್ತಿದ್ದರು. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಮೈಯಿಂದಲೇ ಹೀರುತ್ತದೆ ಅಂತ ನಾನೂ ಶಾಲೆಯಲ್ಲಿ ಓದಿದ್ದೆ. ಓದಿದ್ದನ್ನು ಪರೀಕ್ಷೆಯಲ್ಲಿ ಬರೆದು ಅಲ್ಲಿಯೇ ಬಿಟ್ಟು ಬಂದಿದ್ದೆ. ಮೊದಲ ಮಳೆ ಬಿದ್ದ ದಿನವಂತೂ ಬಾವಿಯ ಪಕ್ಕದ ತಗ್ಗಿನಲ್ಲಿ ದೊಡ್ಡ ಗಂಡು ಕಪ್ಪೆಗಳು ಅರಿಸಿನ ಹಚ್ಚಿಸಿಕೊಂಡ ಮದುಮಗನ ಹಾಗೆ ಹಳದಿಯಾಗಿ, ಗಂಟಲ ಎರಡೂ ಕಡೆ ನೀಲಿ ಬುಗ್ಗೆ ಉಬ್ಬಿಸಿ, ಊರೆಲ್ಲ ಕೇಳುವಂತೆ ಒದರುತ್ತಿದ್ದವು. "ನಿಪ್ಪಾಣಿಯಾಕಿ, ಕೇಳ. ನಿಮ್ಮ ಬೇಡೂಕಗೋಳ ಬಂದಾವ ನೋಡ" ಎಂದು ಅತ್ತೆ ಕಿಚಾಯಿಸುತ್ತಿದ್ದರು. ನಾವಿಬ್ಬರೂ ಕಟ್ಟೆಯ ಮೇಲೆ ಕುಳಿತು ಯಾವ ಕಪ್ಪೆಯ ದನಿ ಯಾವ ನೆಂಟರ ಹಾಗಿದೆ ಅಂತ ಹೊಂದಿಸುತ್ತಿದ್ದೆವು. ಗೊಗ್ಗರು ದನಿಯದ್ದಕ್ಕೆ ನನ್ನ ಮಾವನ ತಮ್ಮನ ಹೆಸರು ಬೀಳುತ್ತಿತ್ತು.

ಆಮೇಲೆ ಮನೆಗೆ ಔಷಧಿ ಬಂತು.

ಕಬ್ಬಿನಲ್ಲಿ ಕಸ ತೆಗೆಯಲು ಆಳು ಸಿಗುವುದಿಲ್ಲ ಎಂದು ನಮ್ಮವರು ಕ್ಯಾನು ತಂದು, ಬೆನ್ನಿಗೆ ಪಂಪು ಏರಿಸಿಕೊಂಡು ಹೊಡೆಯಲು ಶುರುಮಾಡಿದರು. ಏನಪ್ಪಾ ಅದು ಅಂತ ಅತ್ತೆ ಕೇಳಿದರು. "ಕಸಕ್ಕ ಔಷಧ ಬೇ" ಅಂದರು. "ಯಾಕ? ಕಸಕ್ಕ ಏನ ಜಡ್ಡ ಬಂದೈತಿ?" ಎಂದು ಅತ್ತೆ ಕೇಳಿದ್ದಕ್ಕೆ ನಾನು ನಕ್ಕು ನಕ್ಕು ಸೆರಗು ಬಾಯಿಗೆ ತುರುಕಿಕೊಂಡೆ. ನಮ್ಮ ನಿಪ್ಪಾಣಿ ಕಡೆ ಅದಕ್ಕೆ ತಣನಾಶಕ ಅನ್ನುತ್ತಾರೆ. ಹೆಸರಿನಲ್ಲಾದರೂ ನಾಶ ಇದೆ. ಇಲ್ಲಿ ಕೊಲ್ಲುವುದಕ್ಕೂ ಔಷಧಿ, ಬದುಕಿಸುವುದಕ್ಕೂ ಔಷಧಿ. ಸಂಜೆ ಹೊತ್ತು ಮುಳುಗಿದ ಮೇಲೆ ಹುಳ ಸತ್ತೀತು ಎಂದು ಉಣ್ಣದ ಮನೆ ನಮ್ಮದು. ಅದೇ ಮನೆಯ ಪಡಸಾಲೆಯಲ್ಲಿ ಪಂಪು ಒರಗಿಸಿಟ್ಟಿರುತ್ತಿತ್ತು. ನಾನು ಇದನ್ನೊಮ್ಮೆ ಆಡಿ ತೋರಿಸಿದೆ. "ಹಂಗಾರ ನಾಳಿಂದ ಕುರ್ಚಗಿ ಹಿಡದ ನೀನ ಕಸಾ ತಗಿ" ಅಂದರು ನಮ್ಮವರು. ಕುರ್ಚಿಗೆಯ ಹೆಸರು ಕೇಳಿದ್ದೇ ನನ್ನ ಅಹಿಂಸೆ ತಣ್ಣಗಾಯಿತು.

ಕಸ ಹೋಯಿತು. ಬದುವಿನ ಹುಲ್ಲು ಹೋಯಿತು. ಒಂದು ಸಾಲು ಕಬ್ಬು ಜಾಸ್ತಿ ಬರುತ್ತದೆಂದು ಕಪ್ಪೆ ಕೂಡುತ್ತಿದ್ದ ತಗ್ಗನ್ನೂ ಮಣ್ಣು ಹಾಕಿ ಸಮ ಮಾಡಿದರು. ಕಬ್ಬು ಕಡಿದ ಮೇಲೆ ಉಳಿದ ಒಣ ಗರಿಯ ರವದಿಗೆ ಬೆಂಕಿ ಇಟ್ಟರು. ಬೇರಿಗೆ ಗೊಣ್ಣೆಹುಳು ಬಿದ್ದಾಗ ಅದಕ್ಕೊಂದು ಬೇರೆ ಔಷಧಿ ಬಂತು. ಆ ಹುಳದ ತಾಯಿಯಾದ ದುಂಬಿಯನ್ನು ಮಳೆಗಾಲದಲ್ಲಿ ಗುಳಕ್ಕನೆ ನುಂಗುತ್ತಿದ್ದವರು ಯಾರು ಅಂತ ಯಾರೂ ಕೇಳಲಿಲ್ಲ. ಪಂಪಿಗೆ ನೀರು ತುಂಬಿದ್ದು ನಮ್ಮ ಬಾವಿಯಿಂದ. ಹೊಡೆದಾದ ಮೇಲೆ ತೊಳೆದದ್ದೂ ಬಾವಿಯ ಕಟ್ಟೆಯ ಮೇಲೆಯೇ. ಕಪ್ಪೆಗಳು ಒಂದೇ ದಿನ ಗಂಟುಮೂಟೆ ಕಟ್ಟಿಕೊಂಡು ಹೋಗಲಿಲ್ಲ. ಮೊದಲು ಗುಂಪು ಸಣ್ಣದಾಯಿತು, ಆಮೇಲೆ ಒಂದೆರಡು ದನಿ ಉಳಿದವು. ಅತ್ತೆಗೆ ಕಣ್ಣಿನ ಆಪರೇಷನ್ ಆಗಿ, ಮೊಣಕಾಲು ಹಿಡಿದುಕೊಂಡು, ನೀರು ಸೇದುವುದೂ ಜೀವಾಣಿ ಬಿಡುವುದೂ ನನ್ನ ಕೈಗೆ ಬಂದಿತ್ತು. ಬಟ್ಟೆಯಲ್ಲಿ ಏನೂ ಸಿಗುವುದಿಲ್ಲ ಅಂತ ನಾನು ಅವರಿಗೆ ಹೇಳಲಿಲ್ಲ. ಖಾಲಿ ಬಟ್ಟೆಯನ್ನೇ ಶಾಸ್ತ್ರಕ್ಕೆ ತೊಳೆದು ಬಿಡುತ್ತಿದ್ದೆ.

ಈ ಮುಂಗಾರಿಗೆ ಬಸ್ತಿಯಲ್ಲಿ, ನಮ್ಮ ಜೈನರ ಗುಡಿಯಲ್ಲಿ, ಸುದ್ದಿಯಾಯಿತು. ಚಾತುರ್ಮಾಸಕ್ಕೆ ಮುಂದಿನ ಊರಿಗೆ ನಡೆದು ಹೊರಟ ಮಹಾರಾಜರೊಬ್ಬರು ನಮ್ಮೂರಲ್ಲಿ ಉಳಿಯುತ್ತಾರೆ. ಬಾವಿ ಇದ್ದ ಮನೆಯವರು ಆಹಾರಕ್ಕೆ ಚೌಕ ಹಾಕಬಹುದು, ಅಂದರೆ ಮಡಿಯ ಅಡುಗೆ ಮಾಡಿಟ್ಟು ಅವರನ್ನು ಬಾಗಿಲಲ್ಲಿ ಕರೆಯಬಹುದು. ಅವರು ದಿನಕ್ಕೆ ಒಂದೇ ಹೊತ್ತು, ನಿಂತು, ಅಂಗೈಯಲ್ಲಿ ಉಣ್ಣುವವರು. ಬಾವಿಯ ನೀರಿನ ಅಡುಗೆಯೇ ಆಗಬೇಕು. ಅತ್ತೆ ಈ ದಿನಕ್ಕಾಗಿ ವರ್ಷಗಟ್ಟಲೆ ಕಾದಿದ್ದರು. ಹಿಂದೊಮ್ಮೆ ಇಂಥ ಯೋಗ ಬಂದಾಗ ಮನೆಯಲ್ಲಿ ಸೂತಕ, ಇನ್ನೊಮ್ಮೆ ಅತ್ತೆಯೇ ಆಸ್ಪತ್ರೆಯಲ್ಲಿ. "ಸಾಯೂದರಾಗ ಒಂದ ಸಲ, ನನ್ನ ಬಾವಿ ನೀರ ಅವರ ಅಂಗೈಗೆ ಬೀಳಬೇಕ" ಎನ್ನುತ್ತಿದ್ದರು. ಬೇರೆ ಆಸೆ ಅವರಿಗೆ ಇರಲಿಲ್ಲ. ಬಂಗಾರ ಕೇಳಿದವರಲ್ಲ, ತೀರ್ಥಯಾತ್ರೆ ಕೇಳಿದವರಲ್ಲ.

ಸುದ್ದಿ ಕೇಳಿದ ಖುಷಿಗೆ ಮೊಣಕಾಲು ಮರೆತು ತಾವೇ ಬಾವಿಗೆ ಬಂದರು. ತಾವೇ ಸೋಸಿದರು. ಬಟ್ಟೆ ನೋಡಿದರು. ಬಾವಿಗೆ ಬಗ್ಗಿ ನೋಡಿದರು.

"ಕಪ್ಪಿ ಎಲ್ಲಿ?"

ನಮ್ಮವರು ಅಲ್ಲೇ ಇದ್ದರು. "ಎಲ್ಲೋ ಒಳಗ ಇರತಾವ ಬೇ. ಬಿಸಲ ಅಂತ ಮಲಗ್ಯಾವ" ಎಂದರು. ಮಳೆಗಾಲದ ಮೋಡ ತಲೆಯ ಮೇಲೆಯೇ ಕೂತಿತ್ತು.

ಅತ್ತೆ ಕಟ್ಟೆಯ ಮೇಲೆ ಕುಳಿತೇಬಿಟ್ಟರು. ಮಹಾರಾಜರನ್ನು ಬಾಗಿಲಲ್ಲಿ ಕರೆಯುವಾಗ ಮನೆಯವರು ಬಾಯಿಬಿಟ್ಟು ಹೇಳಬೇಕಾದ ಮಾತುಗಳಿವೆ: ಮನಃಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರ-ಜಲ ಶುದ್ಧ. ಮನಸ್ಸು, ಮಾತು, ಮೈ ಶುದ್ಧವಾಗಿವೆ, ಅನ್ನ ನೀರು ಶುದ್ಧವಾಗಿವೆ ಎಂದರ್ಥ. ಅದನ್ನು ನಂಬಿಯೇ ಅವರು ಹೊಸ್ತಿಲು ತುಳಿಯುವುದು. "ಕಪ್ಪಿ ಬದಕಲಾರದ ನೀರಿಗೆ ಶುದ್ಧ ಅಂತ ಹೆಂಗ ಅನ್ನಲಿ?" ಎಂದರು ಅತ್ತೆ.

"ಅದೊಂದ ಮಾತ ಮೆಲ್ಲಕ ಅಂದಬಿಡ ಬೇ" ಎಂದರು ನಮ್ಮವರು.

"ವಚನಶುದ್ಧಿ ಅಂತ ಜೋರಲೇ ಅಂದ, ಬೆನ್ನಿಗೇ ಸುಳ್ಳ ಮೆಲ್ಲಕ ಹೇಳಲೇನೋ?"

ನಮ್ಮವರಿಗೆ ತಾಯಿಯ ಮೇಲೆ ಪ್ರಾಣ. ಬುದ್ಧಿ ಮಾತ್ರ ಮೊಬೈಲಿನ ಮೇಲೆ. ಅವತ್ತು ಸಂಜೆ, ದೀಪ ಹಚ್ಚುವ ಮೊದಲು, ಬಾವಿಯ ಕಡೆಯಿಂದ ವಟವಟ ಶುರುವಾಯಿತು. ಅತ್ತೆ ಹಿತ್ತಿಲ ಬಾಗಿಲಲ್ಲಿ ಕೂತಲ್ಲೇ ಕಿವಿ ನಿಮಿರಿಸಿದರು. ಮುಖ ಅರಳಿತು. ನಾನೂ ಬೆರಗಾದೆ. ನಾಲ್ಕು ಸಲ ಒದರಿದ ಕಪ್ಪೆ ಸ್ವಲ್ಪ ಸುಮ್ಮನಾಗಿ, ಆಮೇಲೆ ಒಬ್ಬ ಹೆಂಗಸಿನ ದನಿಯಲ್ಲಿ, ಹಿಂದಿಯಲ್ಲಿ, ನಿಮ್ಮ ಟೂತ್‌ಪೇಸ್ಟಿನಲ್ಲಿ ಉಪ್ಪು ಇದೆಯೇ ಎಂದು ಕೇಳುವ ಜಾಹೀರಾತು ಹೇಳತೊಡಗಿತು. ನಮ್ಮವರು ಕಬ್ಬಿನೊಳಗಿಂದ ಎದ್ದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಾವಿಗೆ ಇಳಿಬಿಟ್ಟಿದ್ದ ಸ್ಪೀಕರನ್ನು ಎಳೆಯಲು ಓಡಿದರು.

"ಅಯ್ಯ ಶಿವನ! ಈಗಿನ ಕಪ್ಪಿಗೆ ಹಲ್ಲೂ ಬಂದಾವೇನ?" ಎಂದರು ಅತ್ತೆ. ನಕ್ಕರು ಕೂಡ. ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. ಅದು ನಗುವಿನ ನೀರಲ್ಲ ಅಂತ ನನಗೆ ಗೊತ್ತಾಯಿತು.

ಹಾಗಾಗಿ ಎರಡನೆಯ ಉಪಾಯ ನನ್ನದು. ಕಬ್ಬೂರಿನಲ್ಲಿ ನನ್ನ ನಾದಿನಿಯ ಮನೆ. ಅವರ ಹೊಲದ ಪಕ್ಕ ಒಂದು ಸಣ್ಣ ಕೆರೆ, ಸುತ್ತ ಇನ್ನೂ ಜೋಳ, ಶೇಂಗಾ. ಮರುದಿನ ಬೆಳಿಗ್ಗೆ ನಾವಿಬ್ಬರೂ ಅಲ್ಲಿ ಮೊಣಕಾಲ ಮಟ್ಟದ ನೀರಿಗೆ ಇಳಿದೆವು. ತಕ್ಕಡಿಯಲ್ಲಿ ಕಪ್ಪೆ ತೂಗಿದ ಹಾಗೆ ಅಂತ ಗಾದೆ ಕಟ್ಟಿದವರು ತೂಗಿದ್ದರೋ ಇಲ್ಲವೋ, ಹಿಡಿದಂತೂ ಇರಲಿಲ್ಲ. ಒಂದನ್ನು ಹಾಲಿನ ಕಿಟ್ಲಿಗೆ ಹಾಕಿ ಮುಚ್ಚಳ ತೆರೆದರೆ ಮೊದಲಿನದು ಹೊರಗೆ. ನಮ್ಮವರು ಪ್ರತಿಯೊಂದಕ್ಕೂ "ತಪ್ಪಾತಪ್ಪಾ, ತಪ್ಪಾತು" ಎಂದು ಕ್ಷಮೆ ಕೇಳುತ್ತ ಹಿಡಿಯುತ್ತಿದ್ದರು. ಇದೇ ಮರ್ಯಾದೆಯನ್ನು ಪಂಪು ಹೊತ್ತಾಗ ತೋರಿಸಿದ್ದರೆ ನಾವು ಕಬ್ಬೂರಿಗೆ ಬರುವುದೇ ಇರಲಿಲ್ಲ ಅಂದೆ. ಅವರು ಮುಂದಿನ ಕಪ್ಪೆಗೆ ಬಗ್ಗಿದರು.

ಐದಾರು ಸಿಕ್ಕವು. ಮುಚ್ಚಳಕ್ಕೆ ಬದಲು ತೆಳು ಬಟ್ಟೆ ಕಟ್ಟಿ ಬಸ್ಸು ಹತ್ತಿದೆವು. ತಿರುವಿನಲ್ಲಿ ಬಸ್ಸು ವಾಲಿದ್ದೇ ಕಿಟ್ಲಿಯೊಳಗಿಂದ ಒಂದು ಗಂಭೀರವಾದ "ವಾಂಕ್" ಬಂತು. ಎದುರಿನ ಸೀಟಿನವರು ತಿರುಗಿ ನೋಡಿದರು. ಕಂಡಕ್ಟರು ಬಂದು, "ಏನ್ರಿ ಅಕ್ಕಾರ, ಏನ ಸಪ್ಪಳರಿ ಅದು?" ಎಂದ.

"ಹೊಟ್ಟಿ ನೋವರಿ ಇವರಿಗೆ. ಮುಂಜಾನಿಂದ ಗುಡುಗುಡು ಅನ್ನಾಕತ್ತೈತಿ" ಎಂದು ನಮ್ಮವರ ಕಡೆ ಕೈ ತೋರಿಸಿದೆ. ಅವರು ಪಾಪ, ಹೊಟ್ಟೆ ಹಿಡಿದುಕೊಂಡರು. ಕಿಟ್ಲಿ ಮತ್ತೊಮ್ಮೆ ಅಂದಿತು. ಕಂಡಕ್ಟರು ಎರಡು ಹೆಜ್ಜೆ ಹಿಂದೆ ಸರಿದು, ಕಿಟಕಿ ತೆರೆದು ಕೂರಿಸಲು ಹೇಳಿದ.

ಸಂಜೆ ಅವನ್ನು ಜೀವಾಣಿಯ ಬಕೀಟಿನಲ್ಲಿಟ್ಟು ಮೆಲ್ಲಗೆ ಬಾವಿಗೆ ಇಳಿಸಿದೆವು. ಹೊತ್ತು ಮುಳುಗುವಾಗ ಅವು ನಿಜವಾಗಿ ಒದರಿದವು, ಯಾವ ಜಾಹೀರಾತೂ ಇಲ್ಲದೆ. ಅತ್ತೆ ಬಾವಿಯ ಕಡೆಗೆ ಕೈ ಮುಗಿದರು. ನಾವು ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿ, ಗೆದ್ದೆವು ಅಂದುಕೊಂಡೆವು.

ಬೆಳಿಗ್ಗೆ ಅತ್ತೆ ಬಕೀಟು ಇಳಿಸಿದರು. ಮೇಲೆ ಬಂದಾಗ ನೀರಿನಲ್ಲಿ ಒಂದು ಕಪ್ಪೆ ಕುಳಿತಿತ್ತು. ಅದನ್ನು ವಾಪಸು ಬಿಟ್ಟು ಮತ್ತೆ ಇಳಿಸಿದರು. ಈ ಸಲ ಎರಡು. ಅದರಲ್ಲಿ ಒಂದರ ಹಿಂಗಾಲು ಸಡಿಲಾಗಿ ಜೋತುಬಿದ್ದಿತ್ತು, ಮೈ ಕೆಂಪಗಾಗಿತ್ತು.

"ಇವು ನಮ್ಮವಲ್ಲ" ಎಂದರು ಅತ್ತೆ. "ನಮ್ಮ ಬಾವಿ ಕಪ್ಪಿ ಬಕೀಟ ಕಂಡ್ರ ಒಳಗ ಓಡತಿದ್ದವು. ಇವು ಬಸ್ಸಿಗೆ ನಿಂತವರಂಗ ಏರಿ ಕುಂದರಾಕತ್ತಾವ. ಎಲ್ಲಿಂದ ತಂದ್ರಿ?"

"ಕಬ್ಬೂರಿಂದರಿ ಅತ್ತಿ" ಎಂದೆ.

"ನಾ ಏನ ಹೇಳಿಕೊಟ್ಟೇನಿ ನಿನಗ?"

"ಯಾವ ನೀರಾಗಿನ ಜೀವ ಆ ನೀರಿಗೆ."

"ಹಂಗಾರ ನಡೀರಿ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇಳಿಸಿ ಏರಿಸಿ, ಒಂದೊಂದಾಗಿ ಎಲ್ಲವನ್ನೂ ಅವರೇ ತೆಗೆದು ಕಿಟ್ಲಿಗೆ ಹಾಕಿಕೊಟ್ಟರು. ಅದೇ ಬಸ್ಸು, ಅದೇ ಕಂಡಕ್ಟರು. "ಏನ್ರಿ ಅಣ್ಣಾರ, ಹೊಟ್ಟಿ ಇನ್ನೂ ಕಡಮಿ ಆಗಿಲ್ಲೇನ್ರಿ? ಚಿಕ್ಕೋಡಿಗೆ ಹೋಗಿ ತೋರಸರಿ" ಎಂದ. ಕೆರೆಯ ದಡದಲ್ಲಿ ಬಟ್ಟೆ ಬಿಚ್ಚಿದ್ದೇ ಉಳಿದವು ಒಂದೇ ನೆಗೆತಕ್ಕೆ ನೀರು ಸೇರಿದವು. ಕೆಂಪಗಾಗಿದ್ದದ್ದು ಮಾತ್ರ ಕೂತೇ ಇತ್ತು. ನಾನು ಬೊಗಸೆಯಲ್ಲಿ ನೀರು ತೆಗೆದು ತೆಗೆದು ಹಾಕಿದೆ. ನಮ್ಮವರು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಬಹಳ ಹೊತ್ತಾದ ಮೇಲೆ ಅದು ತೆವಳುತ್ತ ಒಳಗೆ ಹೋಯಿತು. ಬದುಕಿತೋ ಇಲ್ಲವೋ ಗೊತ್ತಿಲ್ಲ. ನಾದಿನಿ ಚಹಾ ಕೊಡುತ್ತ ಖುಷಿಯಿಂದ, ಮುಂದಿನ ವರ್ಷ ತಮ್ಮಲ್ಲೂ ಪೈಪ್‌ಲೈನು ಬರುತ್ತದೆ, ಈ ಜೋಳದ ಗೋಳು ತಪ್ಪಿ ಕಬ್ಬು ಹಚ್ಚುತ್ತೇವೆ ಎಂದಳು. ನಾವು ಚಹಾ ಅರ್ಧಕ್ಕೇ ಬಿಟ್ಟು ಎದ್ದೆವು.

ಬೇರೆ ಬಾವಿಯ ನೀರು ತರೋಣವೆಂದರೆ ಊರಲ್ಲಿ ಉಳಿದದ್ದು ಮೂರೋ ನಾಲ್ಕೋ ಬಾವಿ. ಎಲ್ಲದರ ಸುತ್ತಲೂ ಅದೇ ಕಬ್ಬು, ಅದೇ ಕ್ಯಾನು. ಕೊನೆಗೆ ಅತ್ತೆ, "ಅಡಿಗಿ ಅಂತೂ ಮಾಡೂಣು. ಆ ಹೊತ್ತಿಗೆ ಬಾಯಿಗೆ ಬಂದ್ರ ಅಂತೀನಿ" ಎಂದರು.

ಮಹಾರಾಜರು ಬಂದ ದಿನ ಬೆಳಿಗ್ಗೆ ಓಣಿಯ ಎರಡೂ ಕಡೆ ಮಡಿಬಟ್ಟೆ ಉಟ್ಟವರು ಕಳಸ, ತೆಂಗಿನಕಾಯಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅತ್ತೆ ನಡುವೆ, ಅವರ ಎಡಕ್ಕೆ ಮಗ, ಬಲಕ್ಕೆ ನಾನು. ಮಹಾರಾಜರು ನಡೆದು ಬಂದರು. ಬಂದವರು ನಮ್ಮ ಬಾಗಿಲ ಮುಂದೆಯೇ ನಿಂತರು. ಅತ್ತೆಯ ದನಿ ಗಟ್ಟಿಯಾಗಿತ್ತು. "ನಮೋಸ್ತು, ನಮೋಸ್ತು, ನಮೋಸ್ತು" ಎಂದರು. ಮೊಣಕಾಲ ನೋವಿಗೆ ಹಲ್ಲು ಕಚ್ಚಿಕೊಂಡು ಅವರಿಗೆ ಮೂರು ಸುತ್ತು ಬಂದರು. "ಮನಃಶುದ್ಧಿ" ಎಂದರು. "ವಚನಶುದ್ಧಿ. ಕಾಯಶುದ್ಧಿ. ಆಹಾರ..."

ಅಲ್ಲಿಗೆ ನಿಂತಿತು.

"ಅವ್ವಾ, ಅಂದಬಿಡ ಬೇ" ಎಂದು ನಮ್ಮವರು ಮೊಣಕೈಯಿಂದ ಮುಟ್ಟಿದರು. ಅತ್ತೆಯ ತುಟಿ ಅಲ್ಲಾಡಿತು, ದನಿ ಬರಲಿಲ್ಲ. ಮಹಾರಾಜರು ಒಂದು ಗಳಿಗೆ ಕಾದರು. ಮುಖದಲ್ಲಿ ಸಿಟ್ಟಿರಲಿಲ್ಲ, ಬೇಸರವೂ ಇರಲಿಲ್ಲ. ಆಮೇಲೆ ಮುಂದೆ ನಡೆದರು. ಪಕ್ಕದ ಮನೆಯವರು ನಾಲ್ಕೂ ಮಾತನ್ನು ಓಣಿ ಅದುರುವಂತೆ ಹೇಳಿ ಒಳಗೆ ಕರೆದುಕೊಂಡರು. ಅವರ ಹೊಲಕ್ಕೂ ನಮ್ಮ ಹೊಲಕ್ಕೂ ನಡುವೆ ಇದ್ದದ್ದು ಒಂದು ಬದು. ಅದನ್ನೂ ಹೋದ ವರ್ಷ ಕಿತ್ತು ಕಬ್ಬು ಹಚ್ಚಿದ್ದಾರೆ. ಅವರ ನೀರು ಎಲ್ಲಿಂದ ಶುದ್ಧವಾಯಿತೋ ಅವರ ಬಾಯಿಗೇ ಗೊತ್ತು. ನನಗೆ ಮೈಯೆಲ್ಲ ಉರಿಯಿತು. ಅತ್ತೆ ಕಳಸವನ್ನು ಕೆಳಗಿಟ್ಟು ಒಳಗೆ ಹೋದರು.

ಚೌಕದ ಅಡುಗೆ ಹಾಗೇ ಇತ್ತು. ಆಮೇಲೆ ಅತ್ತೆಯೇ ತಾಟು ಹಾಕಿ, ಮಹಾರಾಜರಿಗೆಂದು ಮಾಡಿದ್ದನ್ನೆಲ್ಲ ಮಗನಿಗೆ ಬಡಿಸಿದರು. ನಮ್ಮವರು ತಲೆ ಬಗ್ಗಿಸಿ ಉಂಡರು. ತುತ್ತು ಗಂಟಲಿಗೆ ಸಿಕ್ಕಿ ಬಿಕ್ಕಳಿಕೆ ಬಂತು, ನೀರಿಗೆ ಕೈ ಚಾಚಿದರು. ಅತ್ತೆ ಲೋಟದ ಮೇಲೆ ಅಂಗೈ ಮುಚ್ಚಿದರು.

"ಬ್ಯಾಡ. ಅವರಾದ್ರ ಒಂದ ಹೊತ್ತ ಕುಡೀತಿದ್ರು. ನೀ ದಿನಾ ಕುಡಿಯಾಂವ ಅದೀ, ಮಗನ. ಇಂದಿನಿಂದ ನೀವಿಬ್ರೂ ಬ್ಯಾರೆ ನೀರ ಕುಡೀರಿ. ಬ್ಯಾರೆ ಹರವಿ ಇಡ್ರಿ."

"ಹಂಗಾರ ನೀ?" ಎಂದರು ನಮ್ಮವರು.

"ನಂದ ನಿಯಮ ಐತಲ್ಲೋ" ಎಂದು ಅತ್ತೆ ಆ ಲೋಟವನ್ನು ಎತ್ತಿದರು.

ನಮ್ಮವರು ಎಂಜಲು ಕೈಯಲ್ಲೇ ತಾಯಿಯ ಕೈ ಹಿಡಿದುಕೊಂಡರು. ಅಷ್ಟರಲ್ಲಿ ಅತ್ತೆ ಕುಡಿದು ಮುಗಿಸಿದ್ದರು.